ಮಾತಾಡಿಸುವುದೂ ಒಂದು ಕೆಲಸ

ನಮಸ್ಕಾರ. ಪಿಯುಸಿ ಮುಗಿಸಿ ಮುಂದೇನು ಅಂತ ಕೂತಿರುವ ಮಕ್ಕಳೇ, ಸ್ವಲ್ಪ ರೇಡಿಯೋ ವಾಲ್ಯೂಮ್ ಜಾಸ್ತಿ ಮಾಡಿ. ಲೆಕ್ಕ ಅಂದರೆ ತಲೆನೋವು, ಆದರೆ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಇಳಿಯುವಷ್ಟರಲ್ಲಿ ಮನೆಯ ಕಥೆಯೆಲ್ಲ ನಿಮಗೆ ಹೇಳಿರುತ್ತಾರೆ, ಅಲ್ವಾ? ಹಾಗಿದ್ದರೆ ಆರೈಕೆ ಕೆಲಸಕ್ಕೆ ನೀವೇ ಬೇಕು.

ನಾನು ನರ್ಸಿಂಗ್ ಪಾಠ ಮಾಡಿದವಳು. ಒಬ್ಬ ಹುಡುಗಿ ಇದ್ದಳು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅಂಚಿಗೆ ಪಾಸು. ಅವಳಿದ್ದ ವಾರ್ಡಿನಲ್ಲಿ ಸೊಂಟದ ಆಪರೇಷನ್ ಆದ ಒಬ್ಬ ತಾತ ಎರಡು ದಿನದಿಂದ ಊಟ ಮುಟ್ಟಿರಲಿಲ್ಲ. ಶೀಟಿನಲ್ಲಿ 'ಊಟ ಬೇಡ ಅಂದರು' ಅಂತ ಬರೆದು ಎಲ್ಲರೂ ಮುಂದೆ ಹೋಗುತ್ತಿದ್ದರು. ಇವಳು ಸ್ಟೂಲ್ ಎಳೆದುಕೊಂಡು ಕೂತಳು. "ತಾತ, ಮನೇಲಿ ಹಸು ಇದೆಯಾ?" ಇದೆ ಅಂದರು, ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು. ಹೆಸರೇನು? ಗೌರಿ. ಆಗಲೂ ಟವೆಲ್. ಕರು? ಮತ್ತೆ ಟವೆಲ್! ಇವಳಿಗೆ ಹೊಳೆಯಿತು. ಆಪರೇಷನ್ನಿಗೆ ಮುಂಚೆ ಹಲ್ಲಿನ ಸೆಟ್ ತೆಗೆಸಿದ್ದರು, ಅದು ಕಾಗದದಲ್ಲಿ ಸುತ್ತಿದ ಹಾಗೇ ಡ್ರಾಯರ್‌ನಲ್ಲಿ ಬಿದ್ದಿತ್ತು. ಕೇಳಲು ತಾತನಿಗೆ ನಾಚಿಕೆ. ತೊಳೆದು ಕೊಟ್ಟಳು, ಅರ್ಧ ಗಂಟೆಯಲ್ಲಿ ಎರಡು ಇಡ್ಲಿ ಖಾಲಿ.

ಅವಳನ್ನು ಸೀನಿಯರ್ ಒಬ್ಬರು "ಸುಮ್ನೆ ಹರಟೆ ಹೊಡೀತಾಳೆ" ಅಂತ ಬೈದಿದ್ದರು. ಸ್ವಾಮಿ, ಅದು ಹರಟೆ ಅಲ್ಲ, ಅದೇ ಕೆಲಸ! ನನಗೆ ಈಗಲೂ ಸಿಟ್ಟು ಬರುತ್ತದೆ.

ಅಯ್ಯೋ, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸು, 2 ವರ್ಷ, ಹೆಣ್ಣುಮಕ್ಕಳಿಗೆ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, 3 ವರ್ಷ, ಗಂಡುಮಕ್ಕಳೂ ಸೇರಬಹುದು. ಪಿಯುಸಿ ಆರ್ಟ್ಸ್ ಆಗಿದ್ದರೂ ಇವೆರಡಕ್ಕೂ ದಾರಿ ಇದೆ. ಬಿಎಸ್‌ಸಿ ನರ್ಸಿಂಗ್ 4 ವರ್ಷ, ಅದಕ್ಕೆ ಬಯಾಲಜಿ ಬೇಕು, ಗಣಿತ ಬೇಡ. ಮಾತು ತಡವರಿಸುವ ಮಕ್ಕಳ ಜೊತೆ ಕೂರುವ ತಾಳ್ಮೆ ಇದೆಯಾ? ಮಾತು, ಕಿವಿಯ ತೊಂದರೆ ಇರುವವರಿಗೆ ನೆರವಾಗುವುದನ್ನು ಕಲಿಸುವ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಹೋಗಿ ನೋಡಿ.

ನರ್ಸ್ ಕೆಲಸದಲ್ಲಿ ಲೆಕ್ಕ ಇರುವುದೇ ಇಲ್ವಾ ಅಂದರೆ, ಇರುತ್ತದೆ. 500 ಎಂಎಲ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ಒಂದು ಎಂಎಲ್‌ಗೆ 20 ಹನಿ, ಅಂದರೆ ನಿಮಿಷಕ್ಕೆ ಸುಮಾರು 21 ಹನಿ. ಗುಣಿಸಿ ಭಾಗಿಸಿದರೆ ಮುಗಿಯಿತು, ವಾರದಲ್ಲಿ ಕಲಿಸುತ್ತೇನೆ. ತಾತನ ಟವೆಲ್ ಗಮನಿಸುವುದನ್ನು ನನ್ನಿಂದ ಕಲಿಸಲು ಆಗಲ್ಲ.

ಫೀಸು ಕಟ್ಟುವ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಕೇಳಿಕೊಳ್ಳಿ. ಏಜೆಂಟರ ಮಾತು ನಂಬಬೇಡಿ. ಬರುತ್ತೇನೆ, ನಮಸ್ಕಾರ.