ಈ ಪದ ಯಾರ ಮನೆಯದು?

ಕೇಳುಗರೇ, ನಮಸ್ಕಾರ.

ಕಳೆದ ಚುನಾವಣೆಯ ಹೊತ್ತಿಗೆ ಕಾರವಾರದ ಮೀನು ಮಾರ್ಕೆಟ್ಟಿನ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ಬಂಗಡೆಯ ಚೀಲ ಹಿಡಿದುಕೊಂಡು, "ಅವರಿಗೇನು ಮಾರಾಯ್ರೇ, ವೋಟ್ ಬ್ಯಾಂಕ್ ಗಟ್ಟಿ ಉಂಟಲ್ಲ" ಅಂದರು. ಇದು ಪತ್ರಿಕೆಯವರೋ ರಾಜಕಾರಣಿಗಳೋ ಹುಟ್ಟುಹಾಕಿದ ಮಾತು ಅಂತಲೇ ನಾನು ಅಷ್ಟು ವರ್ಷ ತಿಳಿದಿದ್ದೆ. ಆ ಸಂಜೆ ಒಲೆಯ ಮೇಲೆ ಹಾಲಿಟ್ಟು, ಮೊಬೈಲಿನಲ್ಲಿ ಸುಮ್ನೆ ಹುಡುಕುತ್ತಾ ಕೂತೆ. ನೋಡಿದರೆ ಆ ಪದವನ್ನು ಕೊಟ್ಟವರು ನಮ್ಮ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್! 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದು, ಅಲ್ಲಿನವರ ಜಗಳ, ಸಾಲ, ಮದುವೆ, ಬೇಸಾಯ ಎಲ್ಲವನ್ನೂ ನೋಡಿ ಬರೆದುಕೊಂಡವರು. ಆ ಹಳ್ಳಿಯ ಕುರಿತ 1955ರ ಲೇಖನದಲ್ಲಿ ಈ ಪದ ಬಳಸಿದರು.

ಆಗ ಅದರ ಅರ್ಥವೇ ಬೇರೆ ಇತ್ತು. ಊರಲ್ಲೊಬ್ಬ ದೊಡ್ಡ ಯಜಮಾನ. ಅವನ ಗದ್ದೆ ಗೇಯುವವರು, ಅವನ ಹತ್ತಿರ ಸಾಲ ಮಾಡಿದವರು, ಎಲ್ಲರೂ ಅವನು ಹೇಳಿದ ಕಡೆಗೆ ವೋಟು ಹಾಕುತ್ತಾರೆ. ಪಕ್ಷದವರು ಮನೆಮನೆ ಸುತ್ತಬೇಕಾಗಿಲ್ಲ, ಅವನ ಜಗುಲಿಯಲ್ಲಿ ಕೂತು ಮಾತಾಡಿದರೆ ಸಾಕು. ಅಂದರೆ ಬ್ಯಾಂಕ್ ಅಂದರೆ ಆ ಯಜಮಾನ! ಈಗ ನಾವು ಇಡೀ ಜಾತಿಗೋ ಸಮುದಾಯಕ್ಕೋ ಆ ಹೆಸರು ಅಂಟಿಸುತ್ತೇವೆ. ಪ್ರೊಫೆಸರರ ಲೇಖನದಿಂದ ಹೊರಟ ಪದ, ದಾರಿಯಲ್ಲಿ ಅರ್ಥ ಬದಲಿಸಿಕೊಂಡು, ಬಂಗಡೆ ಚೀಲದವರ ಬಾಯಿಗೆ ಬಂದು ಕೂತಿತ್ತು.

ಇದನ್ನೆಲ್ಲ ಓದುವಷ್ಟರಲ್ಲಿ ಹಾಲು ಪೂರ್ತಿ ಉಕ್ಕಿ ಹೋಗಿತ್ತು. ಆ ಕಥೆ ಆಮೇಲೆ ಹೇಳುತ್ತೇನೆ.

ಅಲ್ಲಿಂದ ನನಗೆ ಇದೊಂದು ಹುಚ್ಚು. ಈಗ ನೀವು ಕೇಳುತ್ತಿರುವ ಆಕಾಶವಾಣಿಯನ್ನೇ ತಗೊಳ್ಳಿ. ಪುರಾಣದಲ್ಲಿ ಕಂಸನನ್ನು ಹೆದರಿಸಿದ ಪದ ಅದು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ರೇಡಿಯೋ ಕೇಂದ್ರ ಶುರುಮಾಡಿದಾಗ ಅದಕ್ಕೆ ಹೊಸ ಕೆಲಸ ಸಿಕ್ಕಿತು. ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ, ಅವರೂ ಮೇಷ್ಟ್ರೇ. ಇಂಗ್ಲಿಷಿನ 'ಸೈಂಟಿಸ್ಟ್' ಕೂಡ ಹೀಗೆಯೇ, ಕೇಂಬ್ರಿಡ್ಜಿನ ವಿಲಿಯಂ ಹ್ಯೂವೆಲ್ 1830ರ ದಶಕದಲ್ಲಿ ಕಟ್ಟಿದ ಪದ. ನ್ಯೂಟನ್ ತೀರಿಕೊಂಡು ಆಗಲೇ ನೂರು ವರ್ಷ ಕಳೆದಿತ್ತು, ಪಾಪ, ಬದುಕಿದ್ದಾಗ ಅವನನ್ನು ಯಾರೂ ಸೈಂಟಿಸ್ಟ್ ಅಂದಿರಲಿಲ್ಲ.

ಎಲ್ಲ ಪದಗಳೂ ಹೀಗೆ ಗೆಲ್ಲುವುದಿಲ್ಲ. ನುಡಿಯರಿಗ, ಅಂದರೆ ಭಾಷಾವಿಜ್ಞಾನಿ, ಡಿ.ಎನ್. ಶಂಕರ ಭಟ್ಟರು ಕ್ರಿಯಾಪದಕ್ಕೆ 'ಎಸಕಪದ' ಅಂದರು. ಮೊದಲು ಕೇಳಿದಾಗ ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಯೋಚಿಸಿದೆ. ಎಸಗು ಅಂದರೆ ಮಾಡು, ಅಷ್ಟೇ. ಒಳ್ಳೆಯದು ಕೆಟ್ಟದ್ದು ಎಂಬ ಭೇದ ಆ ಪದಕ್ಕೆ ಇರಲಿಲ್ಲ. ಈಗ ಪೇಪರ್ ತೆಗೆದು ನೋಡಿ, ದ್ರೋಹ ಎಸಗಿದ, ಕೊಲೆ ಎಸಗಿದ, ವಂಚನೆ ಎಸಗಿದ. ಯಾರಾದರೂ ಅಡಿಗೆ ಎಸಗಿದರಾ? ಮದುವೆ ಎಸಗಿದರಾ? ಒಂದು ಒಳ್ಳೆಯ ಪದ ಕ್ರೈಂ ಸುದ್ದಿಯ ಪುಟದಲ್ಲಿ ಸಿಕ್ಕಿಬಿದ್ದಿತ್ತು. ಭಟ್ಟರು ಅದರ ಬೇರನ್ನು ಅಗೆದು ವ್ಯಾಕರಣದ ಮನೆಗೆ ತಂದರು. ನಾನು ಇವತ್ತಿಗೂ ಕ್ರಿಯಾಪದ ಅಂತಲೇ ಅನ್ನುತ್ತೇನೆ, ಆದರೆ ನಗುವುದಿಲ್ಲ.

ನಮ್ಮ ಕರಾವಳಿ ಬರೀ ಪದ ಇಸಕೊಳ್ಳುವ ಊರೂ ಅಲ್ಲ. ಕುಮಟಾ ಕಡೆ, ಅಘನಾಶಿನಿಯ ಹಿನ್ನೀರು ಬಂದು ಹೋಗುವ ಗದ್ದೆಗೆ ನಾವು ಗಜನಿ ಅನ್ನುತ್ತೇವೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಅಲ್ಲಿನ ಭತ್ತಕ್ಕೆ ಕಗ್ಗ. ಇವಕ್ಕೆ ಸರಿಯಾದ ಇಂಗ್ಲಿಷ್ ಪದ ಎಲ್ಲಿಂದ ತರುತ್ತಾರೆ? ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಗಜನಿ, ಕಗ್ಗ ಅಂತಲೇ ಬರೆಯುತ್ತಾರೆ. ಕೆಸರಲ್ಲಿ ನಿಂತವರು ಇಟ್ಟ ಹೆಸರು ಹಾಗೇ ಪುಸ್ತಕಕ್ಕೆ ಹೋಯಿತು.

ಹಾಂ, ಹಾಲಿನ ಕಥೆ. ನನ್ನ ಹೆಂಡತಿ ಶಿರಸಿ ಕಡೆಯವಳು, ಮಾತು ಕಡಿಮೆ. ಒಲೆ ನೋಡಿದಳು, ನನ್ನನ್ನು ನೋಡಿದಳು. "ನಿಮ್ಮ ಬೆರಳುಜಪ ಮುಗಿದಿದ್ರೆ ಒಲೆ ಒರೆಸಿ" ಅಂದಳು. ಬೆರಳುಜಪ! ಮೊಬೈಲ್ ಉಜ್ಜುತ್ತಾ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಪದ ನಾನಂತೂ ಕೇಳಿಲ್ಲ. ಬಟ್ಟೆ ತಗೊಂಡು ಒರೆಸಿದೆ.

ಮೊನ್ನೆ ಕಂಪೌಂಡಿನ ಆಚೆ ಪಕ್ಕದ ಮನೆಯ ಅಕ್ಕ ಮಗನಿಗೆ ಬೈಯುತ್ತಿದ್ದರು, "ಏಯ್, ಬೆರಳುಜಪ ಬಿಟ್ಟು ಊಟಕ್ಕೆ ಬಾರೋ." ಒಳಗೆ ಬಂದು ಹೇಳಿದರೆ, ಇವಳು ತೆಂಗಿನಕಾಯಿ ತುರಿಯುತ್ತಾ, "ಅದು ಎಲ್ಲರೂ ಹೇಳ್ತಾರಲ್ಲ" ಅಂದಳು.