ದುಡ್ಡಿಲ್ಲ ಅಂದರೆ ಲೆಕ್ಕ ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ರೇಡಿಯೊ ಮುಂದೆ ಕೂತವರಲ್ಲಿ ಟೀಚರುಗಳು ಇದ್ದೀರಿ, ಟೀಚರ ಮನೆಯವರು ಇದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಹೇಳಬೇಕಾದ್ದು ಒಂದೇ ಮಾತು: ಸಂಬಳ ಕೇಳಿದಾಗ ದುಡ್ಡಿಲ್ಲ ಅಂದರೆ, ಲೆಕ್ಕ ತೋರಿಸಿ ಅನ್ನಿ.

ಹಾಗೆ ಅಂದವಳ ಹೆಸರು ಮಾರ್ಗರೆಟ್ ಹೇಲಿ. ಹುಟ್ಟಿದ್ದು 1861ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಹದಿನಾರಕ್ಕೇ ಪಾಠ ಹೇಳಲು ನಿಂತಳು. ಮುಂದೆ ಶಿಕಾಗೊದಲ್ಲಿ, ಕಸಾಯಿಖಾನೆಗಳಲ್ಲಿ ದುಡಿಯುವ ಜನರ ಬಡಾವಣೆಯ ಶಾಲೆಯಲ್ಲಿ ಆರನೇ ತರಗತಿಯ ಟೀಚರು. ಆ ಊರಿನ ಪ್ರಾಥಮಿಕ ಶಾಲೆಗಳ ಟೀಚರುಗಳಲ್ಲಿ ಹೆಂಗಸರೇ ಹೆಚ್ಚು. ತಮಗೆ ಸಂಬಳ ಕೊಡುವ ಊರಿನ ಮೇಯರ್‌ನನ್ನು ಆರಿಸುವ ಮತ ಮಾತ್ರ ಅವರಿಗಿರಲಿಲ್ಲ. 1897ರಲ್ಲಿ ಅವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡರು: ಶಿಕಾಗೊ ಟೀಚರ್ಸ್ ಫೆಡರೇಶನ್.

ಈಗ ಕಥೆಗೆ ಬರುತ್ತೇನೆ. ನನಗೆ ಬಹಳ ಇಷ್ಟವಾದ ಕಥೆ, ಸ್ವಲ್ಪ ಉದ್ದವಾದರೂ ಕೇಳಿ. ಸಂಬಳ ಏರಿಸಲು ಒಪ್ಪಿದ್ದ ಶಿಕ್ಷಣ ಮಂಡಳಿ, ಬೊಕ್ಕಸ ಖಾಲಿ ಎಂದು ಕೈಯೆತ್ತಿಬಿಟ್ಟಿತು. ನಾವಾದರೆ ಏನು ಮಾಡುತ್ತೇವೆ? ಮನವಿಪತ್ರ ಕೊಡುತ್ತೇವೆ, ಕಾಯುತ್ತೇವೆ, ಇನ್ನೊಂದು ಮನವಿಪತ್ರ ಕೊಡುತ್ತೇವೆ. ಹೇಲಿ, ಅವಳ ಜೊತೆಗಾತಿ ಕ್ಯಾಥರಿನ್ ಗಾಗಿನ್ ಇಬ್ಬರೂ ಬೊಕ್ಕಸ ಯಾಕೆ ಖಾಲಿ ಎಂದು ಕೇಳಿದರು. ತೆರಿಗೆ ದಾಖಲೆ ತೆಗೆದು ಓದಿದರು. 1900ರಲ್ಲಿ ಹೇಲಿ ತರಗತಿ ಬಿಟ್ಟು ಇದೇ ಕೆಲಸಕ್ಕೆ ನಿಂತಳು.

ಸಿಕ್ಕಿದ್ದೇನು ಗೊತ್ತೇ? ಬೀದಿ ಊರಿನದು. ಆ ಬೀದಿಯಲ್ಲಿ ಹಳಿ ಹಾಕಿ ಟ್ರಾಮ್ ಓಡಿಸುವವರು, ಗ್ಯಾಸ್ ಕೊಳವೆ ಹೂಳುವವರು, ವಿದ್ಯುತ್ತಿನ, ಟೆಲಿಫೋನಿನ ತಂತಿ ಎಳೆಯುವವರು ಖಾಸಗಿ ಕಂಪನಿಗಳು. ಹಾಗೆ ಬೀದಿ ಬಳಸುವ ಹಕ್ಕಿಗೂ ಬೆಲೆಯಿದೆ, ಅದಕ್ಕೂ ತೆರಿಗೆ ಕಟ್ಟಬೇಕು ಎಂದು ಕಾನೂನಿನಲ್ಲೇ ಇತ್ತು. ಆ ಕಂಪನಿಗಳು ಕಟ್ಟಿರಲಿಲ್ಲ. ಮಕ್ಕಳ ಶಾಲೆಗೆ ಬರಬೇಕಾದ ಹಣ ಅಲ್ಲಿ ನಿಂತಿತ್ತು.

ಹೇಲಿ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ, ತೆರಿಗೆಯ ಮೌಲ್ಯ ಕಟ್ಟುವ ರಾಜ್ಯ ಮಂಡಳಿಯ ಮುಂದೆ ನಿಂತು ಕೇಳಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಘ ನ್ಯಾಯಾಲಯಕ್ಕೆ ಹೋಯಿತು. 1901ರಲ್ಲಿ ಇಲಿನಾಯ್ ಸರ್ವೋಚ್ಚ ನ್ಯಾಯಾಲಯ ಟೀಚರುಗಳ ಪರ ತೀರ್ಪು ಕೊಟ್ಟಿತು. ಕಂಪನಿಗಳು ಫೆಡರಲ್ ನ್ಯಾಯಾಲಯಕ್ಕೆ ಹೋಗಿ ಮೊತ್ತವನ್ನು ತಗ್ಗಿಸಿಕೊಂಡವು, ನಿಜ. ಆದರೂ ಕಟ್ಟಲೇಬೇಕಾಯಿತು.

ಮುಗಿಯಿತು ಅಂದುಕೊಂಡಿರಾ? ಹಣ ಬಂದ ಮೇಲೆ ಶಿಕ್ಷಣ ಮಂಡಳಿ ಅದನ್ನು ಬೇರೆ ಖರ್ಚಿಗೆ ತಿರುಗಿಸಿತು! ಟೀಚರುಗಳು ತಮ್ಮ ಮಂಡಳಿಯ ಮೇಲೇ ದಾವೆ ಹೂಡಿದರು. ಲೆಕ್ಕ ತೋರಿಸಿ, ಅದೇ ಮಾತು. 1904ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್ ಟೀಚರುಗಳ ಪರವಾಗಿ ತೀರ್ಪಿತ್ತರು. ಮರುವರ್ಷ ಅದೇ ಡನ್ ಮೇಯರ್ ಚುನಾವಣೆಗೆ ನಿಂತಾಗ ಮತವಿಲ್ಲದ ಈ ಹೆಂಗಸರು ಅವರಿಗಾಗಿ ದುಡಿದರು. ಡನ್ ಗೆದ್ದರು. ಮುಂದೆ ರಾಜ್ಯಪಾಲರೂ ಆದರು. ಅಲ್ಲಿ ರಾಜ್ಯಪಾಲರೆಂದರೆ ಜನರೇ ಆರಿಸುವ ಆಡಳಿತದ ಮುಖ್ಯಸ್ಥರು. 1913ರಲ್ಲಿ ಇಲಿನಾಯ್ ಹೆಂಗಸರಿಗೆ ಅಧ್ಯಕ್ಷರ ಚುನಾವಣೆಯಲ್ಲೂ ಊರಿನ ಚುನಾವಣೆಗಳಲ್ಲೂ ಮತ ಕೊಟ್ಟ ಮಸೂದೆಗೆ ಸಹಿ ಹಾಕಿದವರು ಅವರೇ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1902ರಲ್ಲೇ ಈ ಸಂಘ ಶಿಕಾಗೊ ಕಾರ್ಮಿಕ ಒಕ್ಕೂಟವನ್ನು ಸೇರಿತ್ತು. ಗುರುಗಳಿಗೆ ಕಾರ್ಮಿಕರ ಜೊತೆ ಏನು ಕೆಲಸ ಎಂದು ದೊಡ್ಡವರು ಮೂಗು ಮುರಿದರು. ಈ ಪ್ರಶ್ನೆ ಇವತ್ತಿಗೂ ಕೇಳಿಬರುತ್ತದೆ, ನನಗೆ ತಾಳ್ಮೆ ತಪ್ಪುತ್ತದೆ. ಒಕ್ಕೂಟದ ಗಂಡಸರಿಗೆ ಮತವಿತ್ತು, ಟೀಚರುಗಳಿಗೆ ಇರಲಿಲ್ಲ. ಇನ್ನೇನು ಕಾರಣ ಬೇಕು? 1904ರಲ್ಲಿ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಶಿಕ್ಷಣ ಸಮಾವೇಶದ ವೇದಿಕೆಯಲ್ಲೇ, ಟೀಚರುಗಳು ಯಾಕೆ ಸಂಘಟಿತರಾಗಬೇಕು ಎಂದು ಹೇಲಿ ಮಾತಾಡಿದಳು. 1916ರಲ್ಲಿ ಅಮೆರಿಕನ್ ಫೆಡರೇಶನ್ ಆಫ್ ಟೀಚರ್ಸ್ ಹುಟ್ಟಿದಾಗ ಅದರ ಒಂದನೇ ನಂಬರಿನ ಶಾಖೆ ಇವಳ ಸಂಘವೇ.

ಪೆಟ್ಟೂ ಬಿತ್ತು. ಕಾರ್ಮಿಕ ಸಂಘಕ್ಕೆ ಸೇರಿದ ಟೀಚರಿಗೆ ಕೆಲಸವಿಲ್ಲ ಎಂದು ಮಂಡಳಿ 1915ರಲ್ಲಿ ನಿಯಮ ಮಾಡಿತು, ಮರುವರ್ಷ 68 ಮಂದಿಯನ್ನು ಕೈಬಿಟ್ಟಿತು. ನ್ಯಾಯಾಲಯವೂ ಮಂಡಳಿಯ ಪರ ನಿಂತಿತು. 1917ರಲ್ಲಿ ಹೇಲಿಯ ಸಂಘ ಕಾರ್ಮಿಕ ಒಕ್ಕೂಟದಿಂದ ಹೊರಬಂತು. ಅದೇ ವರ್ಷ ರಾಜ್ಯ ಹೊಸ ಕಾನೂನು ತಂದಿತು: ಮೂರು ವರ್ಷದ ಪರೀಕ್ಷಾ ಅವಧಿ ಮುಗಿಸಿದ ಟೀಚರನ್ನು ಕಾರಣ ಕೊಡದೆ ತೆಗೆಯುವಂತಿಲ್ಲ.

ನಮಸ್ಕಾರ.