ಲಾರ್ಜ್ ಫಾರ್ಮ್ಯಾಟ್‌ಗೆ 400ರ ಫಿಲ್ಮೇ ಸರಿ

ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ‘ಸ್ಲೋ ಫಿಲ್ಮ್ ಹಾಕಿ, ಗ್ರೇನ್ ಕಾಣಲ್ಲ’ ಅಂತ ಬುದ್ಧಿ ಹೇಳೋರು ಸಿಗ್ತಾರೆ. ಸ್ಲೋ ಅಂದ್ರೆ ಹೆಚ್ಚು ಬೆಳಕು ಬೇಡೋ, 100ರಂಥ ಕಡಿಮೆ ಐಎಸ್‌ಒ ಫಿಲ್ಮ್; 400ರದ್ದು ಅದಕ್ಕಿಂತ ನಾಲ್ಕು ಪಟ್ಟು ಚುರುಕು. ಗ್ರೇನ್ ಅಂದ್ರೆ ಚಿತ್ರದಲ್ಲಿ ಕಾಣೋ ಮರಳಿನಂಥ ಕಣ. 35 ಎಂಎಂಗೆ ಆ ಮಾತು ಸರಿ. ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದ 4×5 ಇಂಚಿನ ಫಿಲ್ಮ್ ಶೀಟಿಗೂ ಅದನ್ನೇ ಯಾಕೆ ಹೇರಬೇಕು? 16×20 ಇಂಚಿನ ಪ್ರಿಂಟ್‌ಗೆ 35 ಎಂಎಂ ನೆಗೆಟಿವನ್ನ ಸುಮಾರು 17 ಪಟ್ಟು ದೊಡ್ಡದು ಮಾಡಬೇಕು. 4×5 ಆದ್ರೆ ಬರೀ 4 ಪಟ್ಟು. ಅದರಲ್ಲಿ 400ರ ಗ್ರೇನ್ ಹುಡುಕೋಕೆ ಭೂತಗನ್ನಡಿ ಹಿಡ್ಕೊಂಡು ಕೂರಬೇಕು.

ಚಿತ್ರ ನಿಜವಾಗಿ ಕೆಡೋದು ಗಾಳಿಯಿಂದ. ಮುಳ್ಳಯ್ಯನಗಿರಿ ಇಳಿಜಾರಿನ ಹುಲ್ಲು ತಗೊಳ್ಳಿ. ಒಳ್ಳೇ ಬಿಸಿಲು, ಲೆನ್ಸಿನ ತೂತು ಎಫ್ 22 (ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು), ಮೋಡ ಎದ್ದು ಕಾಣಲಿ ಅಂತ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ) ತಿನ್ನೋ ಆರೆಂಜ್ ಫಿಲ್ಟರ್. 100ರ ಫಿಲ್ಮಿಗೆ ಶಟರ್ ಸುಮಾರು 1/15 ಸೆಕೆಂಡ್. ಬಂಡೆ ಚೊಕ್ಕವಾಗಿ ಬರುತ್ತೆ, ಮುಂದಿರೋ ಹುಲ್ಲಿನ ತುದಿ ಮಾತ್ರ ಹಿಂಜಿದ ಹತ್ತಿ. 400ಕ್ಕೆ 1/60, ಗಾಳಿ ಒಂದು ಗಳಿಗೆ ನಿಂತಾಗ ಶಟರ್ ಕೇಬಲ್ ಒತ್ತಿದ್ರೆ ಎಸಳು ಎಸಳಾಗಿ ಸಿಗುತ್ತೆ.

ಶೋಲಾ ಅನ್ನೋ ಬೆಟ್ಟದ ದಟ್ಟ ಕಾಡಿನೊಳಗೆ ಲೆಕ್ಕ ಇನ್ನೂ ಬಿಗಿ. ಬೆಳಕು ಅಳೆಯೋ ಮೀಟರ್ 100ಕ್ಕೆ 16 ಸೆಕೆಂಡ್ ಅಂದ್ರೆ 400ಕ್ಕೆ 4. ಆದರೆ ಎಕ್ಸ್‌ಪೋಷರ್ ಉದ್ದವಾದಷ್ಟೂ ಫಿಲ್ಮ್ ಬೆಳಕಿಗೆ ಮಂದವಾಗುತ್ತೆ, ಅದೇ ರೆಸಿಪ್ರಾಸಿಟಿ ಫೇಲ್ಯೂರ್. ಅದನ್ನ ತಿದ್ದೋಕೆ ಫಿಲ್ಮ್ ಕಂಪನಿ ಇಲ್‌ಫೋರ್ಡ್ ಕೊಟ್ಟಿರೋ ಘಾತಾಂಕ ಅದರ 100ರ ಫಿಲ್ಮ್ ಡೆಲ್ಟಾ 100ಕ್ಕೆ 1.26, 400ರ ಎಚ್‌ಪಿ5 ಪ್ಲಸ್‌ಗೆ 1.31. ಮೀಟರ್ ಹೇಳಿದ ಸೆಕೆಂಡನ್ನ ಆ ಘಾತಕ್ಕೆ ಏರಿಸಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಡೆಲ್ಟಾಗೆ 33 ಸೆಕೆಂಡ್, ಎಚ್‌ಪಿ5ಗೆ 6. ಘಾತಾಂಕ ಮಾತ್ರ ನೋಡಿ ‘ಡೆಲ್ಟಾ ವಾಸಿ’ ಅನ್ನೋರು ಎಡವೋದು ಇಲ್ಲೇ. 33 ಸೆಕೆಂಡ್ ಅಲುಗದ ಜರೀಗಿಡ ಎಲ್ಲಿದೆ ಸ್ವಾಮಿ?

ಡಬ್ಬಿ ಮೇಲೆ 400 ಇದ್ರೂ ಮೀಟರಲ್ಲಿ 200 ಇಡಿ, ನೆರಳಿನ ವಿವರ ಉಳಿಯುತ್ತೆ. ಹೈಲೈಟ್ (ಚಿತ್ರದ ಬೆಳಗೋ ಭಾಗ) ಮೇಲೆ ಹಿಡಿತ ಬೇಕಲ್ಲ, ಡೆವಲಪ್ ಸಮಯ 15ರಿಂದ 20 ಪರ್ಸೆಂಟ್ ಇಳಿಸಿ. ‘ಆಗ ಒಂದು ಸ್ಟಾಪ್ ಕಳ್ಕೊಂಡ್ವಲ್ಲ’ ಅನ್ನಬೇಡಿ. 100ರವರೂ 50 ಇಡ್ತಾರೆ, ಅಂತರ ಅಷ್ಟೇ ಉಳೀತು.

400ಕ್ಕೆ ದೋಷ ಇಲ್ವಾ? ಇದೆ. ಬಿಸಿಲಲ್ಲಿ ನಿಂತ ಕಾರಲ್ಲಿ ಬಿಟ್ರೆ, ಏರ್‌ಪೋರ್ಟ್ ಎಕ್ಸ್‌ರೇಗೆ ಸಿಕ್ಕಿದ್ರೆ 100ಕ್ಕಿಂತ ಬೇಗ ಫಾಗ್ ಆಗುತ್ತೆ, ಅಂದ್ರೆ ಮಬ್ಬು ಕವಿಯುತ್ತೆ. ಜೋಗದ ನೀರು ಹಾಲಿನ ಹಾಗೆ ಹರೀಬೇಕು ಅಂದ್ರೆ ಸ್ಲೋ ಫಿಲ್ಮೇ ಅನುಕೂಲ. ಸ್ಲೈಡ್ (ನೆಗೆಟಿವ್ ಬದಲು ನೇರ ಪಾಸಿಟಿವ್ ಕೊಡೋ ಫಿಲ್ಮ್) ತೆಗೆಯೋರಿಗೆ ಫ್ಯೂಜಿಯ ಪ್ರೋವಿಯಾ 100ಎಫ್ ಇದೆ, 128 ಸೆಕೆಂಡ್‌ವರೆಗೂ ರೆಸಿಪ್ರಾಸಿಟಿ ತಿದ್ದೋ ತಲೆನೋವಿಲ್ಲ.

ಇನ್ನೊಂದು: ದೊಡ್ಡ ಲೆನ್ಸ್‌ನ ಕೋಪಾಲ್ 3 ಶಟರ್ 1/125 ದಾಟಲ್ಲ. ಫಿಲ್ಟರ್ ಇಲ್ದೆ ನಡುಹಗಲಲ್ಲಿ ಡಬ್ಬಿಯ 400ಕ್ಕೇ ತೆಗೆದ್ರೆ ಎಫ್ 22ಕ್ಕೆ 1/250 ಬೇಕು. ಎಫ್ 32ಕ್ಕೆ ಇಳಿಸಿ. ಎಫ್ 45ಕ್ಕೆ ಹೋಗಬೇಡಿ, ಡಿಫ್ರಾಕ್ಷನ್ (ಸಣ್ಣ ತೂತಲ್ಲಿ ಬೆಳಕು ಹರಡೋದು) ಇಡೀ ಶೀಟನ್ನ ಮೆತ್ತಗೆ ಮಾಡುತ್ತೆ.